ನಿಧಾನ ಮಾಡು ಎಂದ ವೈದ್ಯ, ಆಗದು ಎಂದ ಕೆಲಸಗಾರ: ಮೊದೆನಾ ಊರಿನ ಮಲಗುಂಡಿಯ ಪ್ರಕರಣ

ವ್ಯಕ್ತಿ: ಗಂಡಸು, ವಯಸ್ಸು ದಾಖಲಾಗಿಲ್ಲ. ಕಸುಬು: ಮನೆಗಳ ಮಲಗುಂಡಿ ತೆಗೆಯುವುದು. ಊರು: ಉತ್ತರ ಇಟಲಿಯ ಮೊದೆನಾ. ಕಾಲ: 17ನೇ ಶತಮಾನದ ಕೊನೆ. ದೂರು: ಕಣ್ಣು.

ಪ್ರಕರಣ ಬರೆಯುವಾಗ ರೋಗಿಯ ಹೆಸರು ಮುಚ್ಚಿಡಬೇಕೆಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ. ಈ ಪ್ರಕರಣದಲ್ಲಿ ಆ ತಾಪತ್ರಯವಿಲ್ಲ. ಮುಚ್ಚಿಡಲು ಹೆಸರೇ ಇಲ್ಲ. ಅವನ ಕಣ್ಣು ಪರೀಕ್ಷಿಸಿ, ಅವನಾಡಿದ ಮಾತನ್ನು ಕಾಳಜಿಯಿಂದ ಬರೆದಿಟ್ಟ ವೈದ್ಯ ಹೆಸರೊಂದನ್ನು ಬರೆಯದೆ ಬಿಟ್ಟ. ಗುಟ್ಟು ಕಾಯಬೇಕೆಂದು ಬಿಟ್ಟನೋ, ಗುಂಡಿ ತೆಗೆಯುವವನ ಹೆಸರು ಯಾರಿಗೆ ಬೇಕು ಎಂದೋ, ಓದಿದವರೇ ಊಹಿಸಿಕೊಳ್ಳಬೇಕು.

ಇನ್ನೊಂದು ಮಾತು. ಕನ್ನಡದಲ್ಲಿ ಇದನ್ನು ಬರೆಯಲು ಕೂತರೆ ವೈದ್ಯನಿಗೆ 'ಅವರು', ಗುಂಡಿಯಲ್ಲಿದ್ದವನಿಗೆ 'ಅವನು' ಎಂದು ಕೈ ತಾನಾಗಿಯೇ ಓಡುತ್ತದೆ. ಮೊದಲ ಕರಡಿನಲ್ಲಿ ನಾನೂ ಹಾಗೇ ಬರೆದಿದ್ದೆ. ಈಗ ಇಬ್ಬರಿಗೂ ಏಕವಚನ.

ಹಿನ್ನೆಲೆ

ವೈದ್ಯ ಬೆರ್ನಾರ್ದಿನೊ ರಾಮಜ್ಜೀನಿ. ಹುಟ್ಟಿದ್ದು 1633ರಲ್ಲಿ, ಮೊದೆನಾಕ್ಕೆ ಹತ್ತಿರದ ಕಾರ್ಪಿಯಲ್ಲಿ. ಪಾರ್ಮಾದಲ್ಲಿ ಓದಿ 1659ರಲ್ಲಿ ಪದವಿ ಪಡೆದ. ರೋಮ್ ಕಡೆಗೆ ಹೋಗಿ ವಿತೆರ್ಬೊ ಸೀಮೆಯ ಸಣ್ಣ ಊರುಗಳಲ್ಲಿ ವೈದ್ಯನಾಗಿದ್ದಾಗ ಮಲೇರಿಯಾ ಹಿಡಿಯಿತು. ಜ್ವರ ಹೊತ್ತುಕೊಂಡು ಊರಿಗೆ ಮರಳಿದ. 1670ರ ದಶಕದಲ್ಲಿ ಮೊದೆನಾದಲ್ಲಿ ನೆಲೆಯೂರಿದ. ಅದು ಎಸ್ತೆ ಮನೆತನದ ಡ್ಯೂಕರ ರಾಜಧಾನಿ. ದೊಡ್ಡಮನೆಯ ರೋಗಿಗಳೂ ಇದ್ದರು, ದೊಡ್ಡಮನೆಯ ಜಗಳಗಳೂ ಇದ್ದವು. ಗಣ್ಯ ಕುಟುಂಬದ ಬಾಣಂತಿಯೊಬ್ಬಳ ಸಾವಿನ ವಿಷಯಕ್ಕೆ ಇನ್ನೊಬ್ಬ ವೈದ್ಯನೊಡನೆ ಅಚ್ಚಿನಲ್ಲೇ ಕಿತ್ತಾಡಿದ್ದ. 1682ರಲ್ಲಿ ಅಲ್ಲಿನ ವಿದ್ಯಾಪೀಠದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾದ.

ಊರಿನ ಬಗ್ಗೆ ಅವನೇ ಹೇಳುವುದು ಇಷ್ಟು: ಅಳತೆಗೆ ಮೀರಿದ ಜನ, ಒತ್ತೊತ್ತಾಗಿ ಎತ್ತರದ ಮನೆಗಳು. ಮನೆಯ ಮಲಗುಂಡಿಗಳನ್ನು ಮೂರು ವರ್ಷಕ್ಕೊಮ್ಮೆ ತೆಗೆಸುವುದು ವಾಡಿಕೆ. ಮೂರು ವರ್ಷ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಗುಂಡಿ ಎಷ್ಟು ದಿನ ಮುಚ್ಚಿದ್ದರೆ ತಳದಲ್ಲಿ ಅಷ್ಟು ಕೆಸರು, ಕೆದಕಿದಾಗ ಅಷ್ಟು ಗಾಳಿ. ಈ ಅವಧಿಯನ್ನು ಗೊತ್ತುಮಾಡಿದ್ದು ಮನೆಯವರು. ಇಳಿಯುವವನನ್ನು ಯಾರೂ ಕೇಳಿದ್ದಿಲ್ಲ.

ಗುಂಡಿಯ ಬಾಯಲ್ಲಿ

ಅಂದು ತೆಗೆಯುತ್ತಿದ್ದದ್ದು ವೈದ್ಯನ ಸ್ವಂತ ಮನೆಯ ಗುಂಡಿ. ಅಂದರೆ ಈ ಪ್ರಕರಣದಲ್ಲಿ ವೈದ್ಯನೇ ಕೆಲಸ ಕೊಟ್ಟ ಯಜಮಾನ. ಇದನ್ನು ಹೇಳುವವರು ಕಡಿಮೆ. ರಾಮಜ್ಜೀನಿಯ ಕರುಣೆಯ ಬಗ್ಗೆ ಬರೆಯುವವರೆಲ್ಲ ಗುಂಡಿ ಯಾರದ್ದು ಎಂಬುದನ್ನು ಒಂದೇ ಪದದಲ್ಲಿ ದಾಟಿಬಿಡುತ್ತಾರೆ.

ಅವನು ಹೋಗಿ ಬಗ್ಗಿ ನೋಡಿದ. ಕೆಳಗಿದ್ದವನು ಉಸಿರು ಬಿಗಿಹಿಡಿದವನಂತೆ, ಮೈಯೆಲ್ಲ ನರ ಎಳೆದುಕೊಂಡು, ಏನೋ ಬೆನ್ನಟ್ಟಿ ಬಂದಂತೆ ಬಾಚುತ್ತಿದ್ದ. ನೋಡಿದವನಿಗೆ ಮರುಕ ಹುಟ್ಟಿತು. ಯಾಕಪ್ಪ ಇಷ್ಟು ಅವಸರ, ಸ್ವಲ್ಪ ನಿಧಾನವಾಗಿ ಮಾಡಬಾರದೇ, ಹೀಗೆ ಮೈ ಮುರಿದರೆ ಸುಸ್ತಾಗುವುದಿಲ್ಲವೇ ಎಂದು ಕೇಳಿದ.

ಕೆಳಗಿದ್ದವನು ತಲೆಯೆತ್ತಿ ನೋಡಿದ. ಅವನ ಉತ್ತರದ ತಾತ್ಪರ್ಯ ಹೀಗಿದೆ: ಇಳಿದು ನೋಡದವರಿಗೆ ಇದು ಗೊತ್ತಾಗುವುದಿಲ್ಲ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಲ್ಲಿರುವುದೂ ಕಣ್ಣು ಕಳೆದುಕೊಳ್ಳುವುದೂ ಒಂದೇ.

ಪ್ರಕರಣ ತಿರುಗಿದ್ದು ಇಲ್ಲಿ. ವೈದ್ಯ ಕಂಡದ್ದು ದಣಿವು. ದಣಿವಿಗೆ ಮದ್ದು ನಿಧಾನ, ಅದು ಯಾರಿಗಾದರೂ ಹೊಳೆಯುವ ಮಾತು. ಆದರೆ ಆ ಮದ್ದನ್ನು ಕೆಲಸಗಾರ ಪಾಲಿಸಿದ್ದರೆ ಗುಂಡಿಯೊಳಗಿನ ಹೊತ್ತು ನಾಲ್ಕು ಗಂಟೆಯಿಂದ ಆರಾಗುತ್ತಿತ್ತು, ಕಣ್ಣು ಹೋಗುತ್ತಿತ್ತು. ಅವಸರ ಅವನ ರೋಗವಾಗಿರಲಿಲ್ಲ. ಅವನ ಕೈಯಲ್ಲಿದ್ದ ಒಂದೇ ರಕ್ಷಣೆ ಅದು. ವಿಷ ಎಷ್ಟು ಗಟ್ಟಿ ಇದೆ ಎಂಬುದು ಅವನ ಹತೋಟಿಯಲ್ಲಿರಲಿಲ್ಲ, ಎಷ್ಟು ಹೊತ್ತು ಅದರಲ್ಲಿರಬೇಕು ಎಂಬುದು ಇತ್ತು. ಇಂದು ನಾವು ವಿಷದ ಪ್ರಮಾಣವನ್ನು ಗಾಳಿಯಲ್ಲಿರುವ ಅಂಶ ಮತ್ತು ಒಡ್ಡಿಕೊಂಡ ಹೊತ್ತು ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತೇವೆ, ಎಂಟು ಗಂಟೆಯ ಪಾಳಿಗೆ ಇಷ್ಟೇ ಎಂದು ಮಿತಿ ಹಾಕುತ್ತೇವೆ. ಕೈಯಲ್ಲಿ ಯಾವ ಉಪಕರಣವೂ ಇಲ್ಲದೆ, ಕಣ್ಣುರಿಯನ್ನೇ ಅಳತೆಗೋಲು ಮಾಡಿಕೊಂಡು, ಅವನು ನಾಲ್ಕು ಗಂಟೆ ಎಂಬ ಮಿತಿಯನ್ನು ಕಂಡುಕೊಂಡಿದ್ದ.

ರಾಮಜ್ಜೀನಿಯ ದೊಡ್ಡತನ ಇರುವುದು ಮುಂದಿನ ನಡೆಯಲ್ಲಿ. ತನ್ನ ಸಲಹೆಯನ್ನು ಸಮರ್ಥಿಸಿಕೊಳ್ಳಲಿಲ್ಲ, ಎರಡನೇ ಬಾರಿ ಹೇಳಲೂ ಇಲ್ಲ. ಕೆಲಸಗಾರ ಮೇಲೆ ಬರುವ ತನಕ ಕಾದ.

ಪರೀಕ್ಷೆ

ಮೇಲೆ ಬಂದವನ ಕಣ್ಣುಗಳನ್ನು ಹತ್ತಿರದಿಂದ ನೋಡಿದ. ಕೆಂಡದಂತೆ ಕೆಂಪಾಗಿದ್ದವು, ಮಂಜು ಕವಿದಿದ್ದವು. ಇದಕ್ಕೇನು ಮಾಡುತ್ತೀರಿ ಎಂದು ಕೇಳಿದ. ನೇರ ಮನೆಗೆ ಹೋಗುತ್ತೇವೆ, ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾರನೆಯ ದಿನದವರೆಗೆ ಇರುತ್ತೇವೆ, ಆಗಾಗ ಉಗುರುಬೆಚ್ಚಗಿನ ನೀರಿನಲ್ಲಿ ಕಣ್ಣು ತೊಳೆಯುತ್ತೇವೆ, ನೋವು ಸ್ವಲ್ಪ ಇಳಿಯುತ್ತದೆ ಎಂದ.

ಆಮೇಲೆ ವೈದ್ಯ ಒಂದೊಂದೇ ಪ್ರಶ್ನೆ ಹಾಕುತ್ತಾ ಹೋದ. ಗಂಟಲು ಉರಿಯುತ್ತದೆಯೇ? ಉಸಿರು ಕಟ್ಟುತ್ತದೆಯೇ? ತಲೆನೋವು? ನಾತಕ್ಕೆ ಮೂಗು ನೋಯುತ್ತದೆಯೇ, ಹೊಟ್ಟೆ ತೊಳಸುತ್ತದೆಯೇ? ಅಂಥದ್ದೇನೂ ಇಲ್ಲ ಎಂದ. ಕೆಡುವುದು ಕಣ್ಣು ಮಾತ್ರ. ಇನ್ನೂ ಸ್ವಲ್ಪ ಹೊತ್ತು ಇದ್ದಿದ್ದರೆ ದೃಷ್ಟಿಯೇ ಹೋಗುತ್ತಿತ್ತು, ಬೇರೆಯವರಿಗೆ ಹೋಗಿದೆ. ಇಷ್ಟು ಹೇಳಿ, ಬರುತ್ತೇನೆ ಎಂದು, ಎರಡು ಕೈಯಿಂದ ಕಣ್ಣು ಮುಚ್ಚಿಕೊಂಡು ಮನೆಯ ದಾರಿ ಹಿಡಿದ.

ಆ 'ಇಲ್ಲ'ಗಳನ್ನು ನೋಡಿ. ಮಲಗುಂಡಿಯಿಂದ ಬಂದವನಿಗೆ ವಾಕರಿಕೆ ಇರಲೇಬೇಕು, ಮೂಗು ಕೆಟ್ಟಿರಲೇಬೇಕು ಎಂದು ಯಾವ ವೈದ್ಯನಾದರೂ ಅಂದುಕೊಳ್ಳುತ್ತಾನೆ. ನಾತವೇ ರೋಗದ ಮೂಲ ಎಂದು ನಂಬಿದ್ದ ಕಾಲ ಅದು. ಬಂದ ಉತ್ತರ ನಂಬಿಕೆಗೆ ತದ್ವಿರುದ್ಧ. ಆದರೂ ರಾಮಜ್ಜೀನಿ ಅದನ್ನು ತಿದ್ದದೆ ಬರೆದುಕೊಂಡ. ನಮ್ಮ ಆಸ್ಪತ್ರೆಗಳ ಕೇಸ್ ಶೀಟುಗಳಲ್ಲಿ 'ಇಲ್ಲ' ಎಂಬುದು ಬಹುಪಾಲು ಕೇಳದೆಯೇ ತುಂಬಿದ 'ಇಲ್ಲ'. ಇಲ್ಲಿರುವುದು ಕೇಳಿ ಪಡೆದದ್ದು, ಅದೂ ಕೇಳಿದವನಿಗೆ ಒಗ್ಗದ್ದು.

ಅದೊಂದೇ ಮಾತಿನ ಮೇಲೆ ಅವನು ನಿಲ್ಲಲಿಲ್ಲ. ಬೇರೆಯವರಿಗೆ ಹೋಗಿದೆ ಎಂದನಲ್ಲ, ಅಂಥವರನ್ನು ಗಮನಿಸಿದ. ಇದೇ ಕಸುಬಿನ ಅನೇಕರು ಅರೆಗುರುಡರಾಗಿ, ಕೆಲವರು ಪೂರ್ತಿ ಕುರುಡರಾಗಿ, ಊರಿನಲ್ಲಿ ಭಿಕ್ಷೆ ಬೇಡುತ್ತಿದ್ದುದನ್ನು ಕಂಡ. ಇಂದಿನ ಸಂಶೋಧಕರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಬೀದಿಯಲ್ಲಿ ಸಿಕ್ಕವರು ಕಣ್ಣು ಹೋದವರು. ಕಣ್ಣು ಉಳಿದವರು ಬೀದಿಗೆ ಬರುವುದಿಲ್ಲವಾದ್ದರಿಂದ ಎಣಿಕೆಗೇ ಸಿಗುವುದಿಲ್ಲ. ಆಕ್ಷೇಪ ಸರಿಯೇ. ಆದರೆ ಅವನು ಎಣಿಕೆಗೆ ಹೊರಟಿರಲಿಲ್ಲ, ಒಬ್ಬನ ಮಾತು ನಿಜವೋ ಸುಳ್ಳೋ ಎಂದು ನೋಡಲು ಹೊರಟಿದ್ದ.

ವಿವರಣೆ ಮತ್ತು ಮದ್ದು

ಕಣ್ಣಿಗೇ ಯಾಕೆ, ಶ್ವಾಸಕೋಶಕ್ಕೆ ಯಾಕಲ್ಲ? ಕೆಲವು ವಿಷಗಳಿಗೆ ಒಂದೊಂದು ಅಂಗದ ಮೇಲೇ ಹಗೆ ಎಂಬ ಹಳೆಯ ವಾದವನ್ನು ಅವನು ನೆನೆಯುತ್ತಾನೆ. ಜತೆಗೆ ಗುಂಡಿ ಕೆದಕಿದಾಗ ಹಾರುವ ಗುಣದ ಆಮ್ಲವೊಂದು ಮೇಲೇಳುತ್ತಿರಬೇಕು ಎಂದು ಊಹಿಸುತ್ತಾನೆ. ಅದಕ್ಕೆ ಅವನು ಕೊಟ್ಟ ಸಾಕ್ಷಿ ನನಗೆ ಬಹಳ ಇಷ್ಟ: ಈ ಕೆಲಸಗಾರರ ಜೇಬಿನಲ್ಲಿದ್ದ ಬೆಳ್ಳಿ ತಾಮ್ರದ ನಾಣ್ಯಗಳು ಕಪ್ಪಾಗುತ್ತಿದ್ದವು.

ಆ ಗಾಳಿ ಹೈಡ್ರೋಜನ್ ಸಲ್ಫೈಡ್ ಎಂದು ಇಂದು ನಾವು ಹೇಳುತ್ತೇವೆ. ಗಾಳಿಯಾಡದ ಕೊಳಚೆಯಲ್ಲಿ ಬ್ಯಾಕ್ಟೀರಿಯಾಗಳು ಗಂಧಕದ ಅಂಶವನ್ನು ಮುರಿದು ಇದನ್ನು ಹುಟ್ಟಿಸುತ್ತವೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲಿ ನಿಲ್ಲುತ್ತದೆ. ಕೆಸರಿನೊಳಗೆ ಸಿಕ್ಕಿಕೊಂಡದ್ದು ಸಲಿಕೆ ತಾಗಿದ ಕೂಡಲೇ ನುಗ್ಗಿ ಬರುತ್ತದೆ. ಬೆಳ್ಳಿಗೆ ತಾಗಿದರೆ ಬೆಳ್ಳಿಯ ಸಲ್ಫೈಡ್ ಆಗಿ ಕಪ್ಪು ಪದರ ಕಟ್ಟುತ್ತದೆ. ನಮ್ಮ ದೇವರ ಕೋಣೆಯ ಬೆಳ್ಳಿ ದೀಪ ಹಬ್ಬದಿಂದ ಹಬ್ಬಕ್ಕೆ ಕಪ್ಪಾಗುವುದೂ ಗಾಳಿಯಲ್ಲಿನ ಇಂಥದೇ ಗಂಧಕದ ಅಂಶದಿಂದ. ಕಣ್ಣೀರಿನಲ್ಲಿ ಕರಗಿ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ: ಉರಿ, ನೀರು ಸೋರುವುದು, ಬೆಳಕು ನೋಡಲಾಗದಿರುವುದು, ಎದುರಿನದೆಲ್ಲ ಮಂಜು. ನೀರಿನಲ್ಲಿ ಕರಗಿದಾಗ ಅದು ದುರ್ಬಲ ಆಮ್ಲವೂ ಹೌದು. ರಾಮಜ್ಜೀನಿಯ ಊಹೆ ಗುರಿಗೆ ತಾಗದಿದ್ದರೂ ಪಕ್ಕದಲ್ಲೇ ಬಿದ್ದಿತ್ತು.

ಅಂಕಿಗಳನ್ನು ಇಟ್ಟು ನೋಡಿದರೆ ಕೆಲಸಗಾರನ ಹೇಳಿಕೆ ಇನ್ನೂ ಸ್ಪಷ್ಟವಾಗುತ್ತದೆ. ಗಾಳಿಯ 10 ಲಕ್ಷ ಭಾಗದಲ್ಲಿ ಈ ಅನಿಲ 50ರಿಂದ 100 ಭಾಗ ಇದ್ದರೆ ಗಂಟೆಯೊಳಗೆ ಕಣ್ಣು ಕೆಂಪಾಗುತ್ತದೆ. 100ರ ಸುಮಾರಿಗೆ ಕೆಲವೇ ನಿಮಿಷದಲ್ಲಿ ಮೂಗು ಸೋತು ವಾಸನೆಯನ್ನೇ ಹಿಡಿಯದಂತಾಗುತ್ತದೆ. 700 ದಾಟಿದರೆ ಒಂದೆರಡು ಉಸಿರಿಗೇ ಎಚ್ಚರ ತಪ್ಪಬಹುದು. ಮೊದೆನಾದವನ ಕಣ್ಣು ಸುಟ್ಟಿತು, ಎದೆ ಸುಡಲಿಲ್ಲ, ಮೂಗಿಗೆ ತೊಂದರೆ ಕಾಣಲಿಲ್ಲ ಎಂದರೆ, ಅವನ ಗುಂಡಿಯ ಗಾಳಿ ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿತ್ತು ಎಂದು ನನ್ನ ಲೆಕ್ಕ. ಆದರೆ ಸೋತ ಮೂಗೂ 'ಇಲ್ಲ' ಎಂದೇ ಹೇಳುತ್ತದೆ. ಮೂಗಿನ 'ಇಲ್ಲ' ನೆಮ್ಮದಿಯ ಉತ್ತರವಲ್ಲ ಎಂದು ತಿಳಿಯಲು ಇನ್ನೂ ಬಹಳ ಕಾಲ ಬೇಕಾಯಿತು.

ಮದ್ದಿಗೆ ಬಂದರೆ, ಕತ್ತಲೆ ಕೋಣೆ, ಬೆಚ್ಚನೆ ನೀರು ಎರಡನ್ನೂ ವೈದ್ಯ ಒಪ್ಪಿದ. ಇಂದೂ ಮೊದಲ ಉಪಚಾರ ಕಣ್ಣು ಚೆನ್ನಾಗಿ ತೊಳೆಯುವುದೇ, ಬೆಳಕು ಚುಚ್ಚುವವನಿಗೆ ಕತ್ತಲೆಯೇ ಹಿತ. ಅವನು ತನ್ನ ಕಡೆಯಿಂದ ಸೇರಿಸಿದ್ದು ಮುಖ್ಯವಾಗಿ ಎರಡು. ಒಂದು, ಪ್ರಾಣಿಗಳ ಮೂತ್ರಕೋಶದ ತೆಳುವಾದ, ಆಚೆಯದು ಕಾಣುವಷ್ಟು ಪಾರದರ್ಶಕವಾದ ಚರ್ಮವನ್ನು ಮುಖಕ್ಕೆ ಕಟ್ಟಿಕೊಳ್ಳಬೇಕು. ಪ್ರಾಚೀನ ರೋಮ್‌ನಲ್ಲಿ ಕೆಂಪು ಬಣ್ಣದ ಪುಡಿ ತಯಾರಿಸುವವರು ಹೀಗೆ ಮುಖ ಮುಚ್ಚಿಕೊಳ್ಳುತ್ತಿದ್ದರೆಂದು ಆ ಕಾಲದ ಲೇಖಕ ಪ್ಲಿನಿ ಬರೆದಿದ್ದಾನೆ, ಅಲ್ಲಿಂದ ಬಂದ ಉಪಾಯ. ಇನ್ನೊಂದು, ಕಣ್ಣು ಮೊದಲೇ ದುರ್ಬಲವಾಗಿದ್ದವರು ಕುರುಡರಾಗಿ ಭಿಕ್ಷೆಗೆ ಇಳಿಯುವ ಮುಂಚೆ ಈ ಕಸುಬು ಬಿಡಬೇಕು.

ನನಗೆ ತಕರಾರಿರುವುದು ಈ ಎರಡನೆಯದರ ಬಗ್ಗೆ. ಕಸುಬು ಬಿಟ್ಟು ಅವನು ಏನು ತಿನ್ನಬೇಕು? ಗುಂಡಿಯನ್ನು ಮೂರು ವರ್ಷದ ಬದಲು ವರ್ಷಕ್ಕೊಮ್ಮೆ ತೆಗೆಸಿ, ಇಳಿಯುವ ಮುಂಚೆ ಬಾಯಿ ತೆರೆದು ಗಾಳಿ ಆಡಲು ಬಿಡಿ, ಇಬ್ಬರನ್ನು ಇಟ್ಟು ಪಾಳಿ ಬದಲಿಸಿ ಎಂದು ಮನೆಯ ಯಜಮಾನನಿಗೆ ಹೇಳಬಹುದಿತ್ತು. ಆ ಯಜಮಾನ ಬೇರೆ ಯಾರೋ ಆಗಿರಲಿಲ್ಲ. ಬದಲಾಗಬೇಕಾದವನು ಕೆಲಸಗಾರನೇ ಎಂಬ ರೂಢಿಯನ್ನು ರಾಮಜ್ಜೀನಿಯಂಥವನೂ ಪೂರ್ತಿ ದಾಟಲಿಲ್ಲ. ಕಾಲದ ಮಿತಿ ಎಂದು ಮನ್ನಿಸಬಹುದು, ಆದರೆ ಗಮನಿಸದೆ ಬಿಡಬಾರದು.

ಮುಂದೇನಾಯಿತು

ದುಡಿಯುವವರ ರೋಗಗಳ ಬಗ್ಗೆ ಬರೆಯಬೇಕೆಂಬ ಯೋಚನೆಗೆ ಈ ಘಟನೆಯೇ ಮೊದಲು ಎಂದು ರಾಮಜ್ಜೀನಿ ಸ್ವತಃ ಹೇಳಿಕೊಂಡಿದ್ದಾನೆ. ಗುಂಡಿಯ ಬಾಯಿಂದ ಎದ್ದವನು ಊರಿನ ಅಂಗಡಿ ಕಾರ್ಖಾನೆಗಳನ್ನು ಸುತ್ತಿದ. ಪಾದರಸ ಹಚ್ಚಿ ಚಿನ್ನದ ಲೇಪ ಹಾಕುವವರು, ಸೀಸದ ಹೊಳಪು ಬಳಿಯುವ ಕುಂಬಾರರು, ಗಾಜಿನವರು, ರೊಟ್ಟಿ ಸುಡುವವರು, ಸೂಲಗಿತ್ತಿಯರು, ಹೆಣ ಹೊರುವವರು. ಕುಂಬಾರರ ಕೈ ಮೊದಲು ನಡುಗುತ್ತದೆ, ಆಮೇಲೆ ಸ್ವಾಧೀನ ತಪ್ಪುತ್ತದೆ ಎಂದು ಬರೆದ. ದಿನವಿಡೀ ಬರೆಯುವ ಗುಮಾಸ್ತರಿಗೆ ಬರುವ ಕಷ್ಟಕ್ಕೆ ಮೂರು ಕಾರಣ ಕೊಟ್ಟ: ಕೂತೇ ಇರುವುದು, ಕೈಯ ಒಂದೇ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ. ಬಲಗೈ ಸೋತುಹೋದ ಬರಹಗಾರನೊಬ್ಬ ಎಡಗೈಯಲ್ಲಿ ಬರೆಯಲು ಕಲಿತ, ಸ್ವಲ್ಪ ದಿನಕ್ಕೆ ಅದಕ್ಕೂ ಅದೇ ಗತಿ ಬಂತು ಎಂಬ ಪ್ರಸಂಗವೂ ಅಲ್ಲಿದೆ. ಬೆಂಗಳೂರಿನ ಐಟಿ ಹುಡುಗರಿಗೆ ಅದನ್ನು ಓದಿ ಹೇಳಿದರೆ ಸುಮ್ಮನೆ ಮಣಿಕಟ್ಟು ಉಜ್ಜಿಕೊಳ್ಳುತ್ತಾರೆ.

1700ರಲ್ಲಿ ಮೊದೆನಾದಲ್ಲಿ 'ದೆ ಮೋರ್ಬಿಸ್ ಆರ್ತಿಫಿಕುಮ್ ದಿಯಾತ್ರಿಬಾ' ಅಚ್ಚಾಯಿತು. ಕಸುಬುದಾರರ ರೋಗಗಳ ಬಗೆಗಿನ ಪ್ರಬಂಧ ಎಂದರ್ಥ. ಒಳಗೆ ಸುಮಾರು 40 ಕಸುಬುಗಳ ವಿಚಾರ. ಅದೇ ವರ್ಷ ಪಾದುವಾ ವಿಶ್ವವಿದ್ಯಾಲಯ ಅವನನ್ನು ಕರೆಸಿಕೊಂಡಿತು. 1713ರಲ್ಲಿ ಇನ್ನಷ್ಟು ಕಸುಬುಗಳನ್ನು ಸೇರಿಸಿ ಎರಡನೇ ಆವೃತ್ತಿ ತಂದ, 1714ರ ನವೆಂಬರ್‌ನಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಅವನ ಕಣ್ಣೂ ಹೋಗಿತ್ತು.

ಮುನ್ನುಡಿಯಲ್ಲಿ ಎರಡು ಮಾತುಗಳಿವೆ. ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರಾಟಿಸ್ ರೋಗಿಗೆ ಕೇಳಬೇಕೆಂದ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿ ಎನ್ನುತ್ತಾನೆ: ನೀನು ಮಾಡುವ ಕಸುಬು ಯಾವುದು? ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಎರಡನೆಯದು, ಬಡವನ ಮನೆಗೆ ಹೋದ ವೈದ್ಯ ಚಿನ್ನದ ಕುರ್ಚಿ ಹುಡುಕದೆ ಮೂರು ಕಾಲಿನ ಮಣೆಯ ಮೇಲೆಯೇ ಕೂರಬೇಕು, ಅವಸರ ಮಾಡದೆ ವಿಚಾರಿಸಬೇಕು. ನನಗೆ ಇದೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಮೊದಲ ಪ್ರಶ್ನೆಯನ್ನು ನಿಂತೇ ಕೇಳಿಬಿಡಬಹುದು, ಉತ್ತರವಾಗಿ 'ಕೂಲಿ' ಎಂದು ಬರೆದುಕೊಂಡು ಮುಂದಿನ ಕಾಲಮ್ಮಿಗೆ ಹೋಗಬಹುದು. ನಮ್ಮಲ್ಲಿ ನಡೆಯುವುದು ಅದೇ. ಎಂಥ ಕೂಲಿ, ಯಾವ ಗಾಳಿಯಲ್ಲಿ, ದಿನಕ್ಕೆ ಎಷ್ಟು ಹೊತ್ತು ಎಂಬುದು ಕೂತವನಿಗೆ ಮಾತ್ರ ಸಿಗುತ್ತದೆ.

ನಮ್ಮ ಕಡೆಗೆ

ಈ ಪ್ರಕರಣವನ್ನು ಕರ್ನಾಟಕದಲ್ಲಿ ಕಲಿಸುವಾಗ ಇಟಲಿ ಬಹಳ ದೂರ ಅನ್ನಿಸುವುದಿಲ್ಲ. ಕೋಲಾರದ ಚಿನ್ನದ ಗಣಿಯ ಕಾಲೊನಿಗಳಲ್ಲಿ ಒಣ ಕಕ್ಕಸುಗಳನ್ನು ಕೈಯಲ್ಲಿ ಬಳಿಯುತ್ತಿದ್ದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಪದ್ಧತಿಯ ವಿರುದ್ಧ ದೇಶಾದ್ಯಂತ ಚಳವಳಿ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಮೊದೆನಾದವನಿಗೆ ಇರದ ಇನ್ನೊಂದು ಹೊರೆ ನಮ್ಮಲ್ಲಿದೆ: ಇಲ್ಲಿ ಯಾರು ಇಳಿಯಬೇಕೆಂಬುದನ್ನು ಜಾತಿ ಮೊದಲೇ ತೀರ್ಮಾನಿಸಿರುತ್ತದೆ. ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನೂ ಬಿಗಿಯಾಯಿತು. ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಇಲ್ಲಿನ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಕ್ರಮವಿದೆ. ಮೊದಲು ಇಳಿದವನು ಕುಸಿಯುತ್ತಾನೆ, ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ, ಮೂರನೆಯವನೂ. ಮುಚ್ಚಿದ ಮ್ಯಾನ್‌ಹೋಲಿನ ಗಾಳಿ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿರುತ್ತದೆ, ಅಲ್ಲಿ ಕಣ್ಣುರಿ ಎಚ್ಚರಿಸುವಷ್ಟು ಹೊತ್ತೇ ಸಿಗುವುದಿಲ್ಲ. ನಾಲ್ಕು ಗಂಟೆಯ ಲೆಕ್ಕ ಅಲ್ಲಿ ನಡೆಯದು. ಅದಕ್ಕೇ ಒತ್ತಡದ ನೀರು ಹಾಯಿಸಿ ಕೊಳಚೆ ತೆರವು ಮಾಡುವ ಜೆಟ್ಟಿಂಗ್ ಯಂತ್ರ ಬೇಕು, ಮನುಷ್ಯ ಇಳಿಯಲೇಬಾರದು. ಮೊದೆನಾದ ಪಾಠವನ್ನು ನೇರವಾಗಿ ಇಲ್ಲಿಗೆ ತಂದು ಬೇಗ ಮುಗಿಸಿ ಮೇಲೆ ಬಾ ಎಂದರೆ ಅದೂ ತಪ್ಪು ಸಲಹೆಯೇ.

ಪ್ರತಿ ವರ್ಷ ಇಂಟರ್ನಿಗಳಿಗೆ ಈ ಪ್ರಕರಣ ಓದುವಾಗ ಕೆಲಸಗಾರ ತಲೆಯೆತ್ತಿ ನೋಡುವ ಜಾಗದಲ್ಲಿ ನಿಲ್ಲಿಸಿ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳುತ್ತೇನೆ. ಮುಕ್ಕಾಲುಪಾಲು ಮಂದಿ ರಾಮಜ್ಜೀನಿ ಹೇಳಿದ್ದನ್ನೇ ಹೇಳುತ್ತಾರೆ: ನಿಧಾನ, ನೀರು ಕುಡಿ, ನಡುವೆ ಸುಧಾರಿಸಿಕೋ. ಆಮೇಲೆ ಕೇಸ್ ಶೀಟಿನ ಮಾದರಿ ಕೊಟ್ಟು ತುಂಬಿಸಲು ಹೇಳುತ್ತೇನೆ. ದೂರು, ಪರೀಕ್ಷೆ, ಸಲಹೆ ಎಲ್ಲ ತುಂಬುತ್ತದೆ. ಕೊನೆಯ ಸಾಲು ಮರುಭೇಟಿ. ಕಳೆದ ಬಾರಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಲ್ಲಿ ಪೆನ್ನು ನಿಲ್ಲಿಸಿ, "ಸಾರ್, ಗುಂಡಿ ಪೂರ್ತಿ ಆಗಿತ್ತಾ? ಮಾರನೇ ದಿನ ಅವನೇ ಬಂದನಾ, ಬೇರೆಯವರನ್ನ ಕರೆಸಿದ್ರಾ?" ಎಂದು ಕೇಳಿದಳು.

ಪುಸ್ತಕದಲ್ಲಿ ಅದಿಲ್ಲ. ಆ ಸಾಲನ್ನು ಖಾಲಿ ಬಿಡಲು ಹೇಳಿದೆ.